ಸೋರುವ ಇಂಜೆಕ್ಟರು

ಪೆಟ್ರೋಲಿನ ತೊಟ್ಟಿಯನ್ನೂ ಕಿಡಿ ಹುಟ್ಟಿಸುವ ಸಾಧನವನ್ನೂ ಒಂದೇ ಮೈಯಲ್ಲಿ ಹೊತ್ತು ಓಡುವ ವಾಹನವೇ ಕಾರು. ಇವೆರಡೂ ತಮಗೆ ಗೊತ್ತುಮಾಡಿದ ಸ್ಥಳದಲ್ಲಿ, ಗೊತ್ತುಮಾಡಿದ ಕ್ಷಣದಲ್ಲಿ ಮಾತ್ರ ಸಂಧಿಸುವಷ್ಟು ಕಾಲ ಕಾರು ನಮ್ಮ ಸೇವಕ. ಬೇರೆಲ್ಲಿಯಾದರೂ ಸಂಧಿಸಿದರೆ ಅದು ಚಿತೆ. ಈ ಎರಡು ಸ್ಥಿತಿಗಳ ನಡುವೆ ಹಳೆಯ ಕಾರುಗಳಲ್ಲಿ ಅನೇಕ ವೇಳೆ ಉಳಿದಿರುವುದು ಬೆರಳಿನ ಉಂಗುರಕ್ಕಿಂತ ಚಿಕ್ಕದಾದ ಒಂದು ರಬ್ಬರಿನ ಬಳೆ ಮಾತ್ರ. ಅದು ಗಟ್ಟಿಯಾಗಿ ಬಿರಿದಾಗ ಪೆಟ್ರೋಲು ಹೊರಕ್ಕೆ ಜಿನುಗುತ್ತದೆ. ಬಾನೆಟ್ಟಿನ ಕೆಳಗಿನಿಂದ ವಾಸನೆ ಬರುತ್ತದೆ. ಕಾರಿನ ಒಡೆಯನು ‘ಹಳೆಯ ಗಾಡಿಯಲ್ಲವೆ, ವಾಸನೆ ಇದ್ದದ್ದೇ’ ಎಂದು ಸುಮ್ಮನಾಗುತ್ತಾನೆ. ಹಾಗೆ ಸುಮ್ಮನಾಗಬಾರದೆಂಬುದೇ ಈ ಲೇಖನದ ಮೊದಲ ಮಾತು.

ಸೋರುವ ಇಂಜೆಕ್ಟರನ್ನು ಬದಲಿಸುವುದು ಮನೆಯಲ್ಲಿಯೇ ಮಾಡಬಹುದಾದ ಕೆಲಸವೆ? ಕೆಲವು ಕಾರುಗಳಲ್ಲಿ ಹೌದು, ಕೆಲವುಗಳಲ್ಲಿ ಸರ್ವಥಾ ಅಲ್ಲ. ಕೆಲಸಕ್ಕೆ ಬೇಕಾಗುವ ಸಲಕರಣೆಗಳು ಅಲ್ಪವೇ. ಆದರೆ ಪ್ರತಿಯೊಂದು ಹೆಜ್ಜೆಯನ್ನೂ ಅದರ ಕಾರಣ ತಿಳಿದೇ ಇಡಬೇಕು. ಆದುದರಿಂದ ಸ್ಪಾನರು ಹಿಡಿಯುವ ಮೊದಲು ಈ ಪುಟ್ಟ ಯಂತ್ರದ ಪರಿಚಯ ಮಾಡಿಕೊಳ್ಳೋಣ.

ಇಂಜೆಕ್ಟರಿನ ಕೆಲಸ

ಪೆಟ್ರೋಲು ತಾನಾಗಿ ಎಂಜಿನ್ನನ್ನು ಓಡಿಸಲಾರದು. ಅದು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತಿರಬೇಕು. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು ೧೪.೭ ತೂಕದ ಗಾಳಿ ಬೇಕು. ಮೊದಲ ಕಾಲದ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ ಮುಂತಾದ ಕಾರುಗಳಲ್ಲಿ ಈ ಬೆರಕೆಯ ಕೆಲಸವನ್ನು ಕಾರ್ಬುರೇಟರು ಮಾಡುತ್ತಿತ್ತು. ಇಕ್ಕಟ್ಟಾದ ಕೊಳವೆಯೊಳಗೆ ವೇಗವಾಗಿ ಹಾಯುವ ಗಾಳಿಯ ಒತ್ತಡ ಕುಗ್ಗುವುದರಿಂದ ಪೆಟ್ರೋಲು ತಾನೇ ಮೇಲೆದ್ದು ಗಾಳಿಯಲ್ಲಿ ಸೇರುತ್ತಿತ್ತು. ಏರ್ಪಾಡು ಸರಳವಾದುದು, ಆದರೆ ಅಳತೆ ಸೂಕ್ಷ್ಮವಾದುದಲ್ಲ.

ಪೆಟ್ರೋಲನ್ನು ವಿದ್ಯುತ್ತಿನ ಸಹಾಯದಿಂದ ಅಳೆದು ಸಿಂಪಡಿಸುವ ಪ್ರಯತ್ನವನ್ನು ಅಮೆರಿಕದ ಬೆಂಡಿಕ್ಸ್ ಸಂಸ್ಥೆ ೧೯೫೭ರಲ್ಲಿ ‘ಎಲೆಕ್ಟ್ರೊಜೆಕ್ಟರ್’ ಎಂಬ ಹೆಸರಿನಿಂದ ಹೊರತಂದಿತು. ಅಂದಿನ ವಿದ್ಯುತ್ ಉಪಕರಣಗಳು ಅದಕ್ಕೆ ತಕ್ಕಷ್ಟು ಪಳಗಿರಲಿಲ್ಲವಾಗಿ ಅದು ಬೇರೂರಲಿಲ್ಲ. ಅದೇ ಭಾವನೆಯನ್ನು ಬೆಳೆಸಿ ಜರ್ಮನಿಯ ಬಾಷ್ ಸಂಸ್ಥೆ ೧೯೬೭ರಲ್ಲಿ ‘ಡಿ-ಜೆಟ್ರಾನಿಕ್’ ಎಂಬ ವ್ಯವಸ್ಥೆಯನ್ನು ಫೋಕ್ಸ್‌ವ್ಯಾಗನ್ ೧೬೦೦ ಕಾರಿನಲ್ಲಿ ಅಳವಡಿಸಿತು. ಇಂದಿನ ಇಂಜೆಕ್ಟರುಗಳೆಲ್ಲ ಬಹುಮಟ್ಟಿಗೆ ಅದರ ಸಂತತಿಯೇ. ಬಾಷ್ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಆ ಸಂಸ್ಥೆಯ ಸಹಯೋಗದಿಂದ ೧೯೫೧ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಸ್ಪಾರ್ಕ್ ಪ್ಲಗ್ಗುಗಳನ್ನೂ ಡೀಸೆಲ್ ಎಂಜಿನ್ನಿನ ಇಂಧನ ಉಪಕರಣಗಳನ್ನೂ ತಯಾರಿಸಿದ ಕಂಪೆನಿಯೇ ‘ಮೈಕೋ’. ೨೦೦೮ರಲ್ಲಿ ಅದು ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು.

ಭಾರತದಲ್ಲಿ ಕಾರ್ಬುರೇಟರನ್ನು ಹೊರದೂಡಿದುದು ವಾಯುಮಾಲಿನ್ಯದ ನಿಯಮಗಳು. ದೆಹಲಿಯ ಸುತ್ತಣ ಪ್ರದೇಶದಲ್ಲಿ ಹೊಸ ಕಾರುಗಳು ಯೂರೋಪಿನ ಮಾದರಿಯ ಮಿತಿಗಳನ್ನು ಪಾಲಿಸಬೇಕೆಂದು ೧೯೯೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶವಿತ್ತಿತು. ಮಾರುತಿ ೮೦೦ರಂಥ ಮೂರು ಸಿಲಿಂಡರಿನ ಪುಟ್ಟ ಕಾರಿಗೂ ೨೦೦೦ದ ಆಸುಪಾಸಿನಲ್ಲಿ ಇಂಜೆಕ್ಟರು ಬಂದಿತು. ಆಗಿನಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ತಯಾರಾದ ಸಾಮಾನ್ಯ ಪೆಟ್ರೋಲ್ ಕಾರುಗಳೇ ಈ ಲೇಖನದ ವಿಷಯ. ಅವುಗಳಲ್ಲಿ ಸಿಲಿಂಡರಿಗೊಂದರಂತೆ ಇಂಜೆಕ್ಟರು ಇದ್ದು, ಗಾಳಿ ಒಳಹೋಗುವ ಕವಾಟದ ಹಿಂಬದಿಗೆ ಪೆಟ್ರೋಲನ್ನು ಸಿಂಪಡಿಸುತ್ತದೆ.

ಇಂಜೆಕ್ಟರೆಂದರೆ ವಿದ್ಯುತ್ತಿನಿಂದ ತೆರೆಯುವ ಒಂದು ನಲ್ಲಿ. ಅದರ ಹೊಟ್ಟೆಯಲ್ಲಿ ತಾಮ್ರದ ತಂತಿಯ ಸುರುಳಿಯೂ, ಕಬ್ಬಿಣದ ತುಂಡಿಗೆ ಜೋಡಿಸಿದ ಸೂಜಿಯೂ, ಆ ಸೂಜಿಯನ್ನು ಅದರ ಪೀಠದ ಮೇಲೆ ಒತ್ತಿಹಿಡಿದ ಸ್ಪ್ರಿಂಗೂ ಇವೆ. ಸುರುಳಿಯಲ್ಲಿ ವಿದ್ಯುತ್ತು ಹರಿದೊಡನೆ ಅದು ಅಯಸ್ಕಾಂತವಾಗಿ ಸೂಜಿಯನ್ನು ಎತ್ತುತ್ತದೆ. ಎತ್ತುವ ದೂರ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ, ಅಥವಾ ಅದಕ್ಕೂ ಕಡಿಮೆ. ಅಷ್ಟರಲ್ಲೇ ಪೆಟ್ರೋಲು ತುದಿಯ ಸೂಕ್ಷ್ಮ ರಂಧ್ರಗಳಿಂದ ಮಂಜಿನಂತೆ ಚಿಮ್ಮುತ್ತದೆ. ಎಂಜಿನ್ನು ಸುಮ್ಮನೆ ತಿರುಗುತ್ತಿರುವಾಗ ಈ ನಲ್ಲಿ ತೆರೆದಿರುವುದು ಒಂದು ಸೆಕೆಂಡಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ಹೊತ್ತು. ಆ ಒಂದು ಸಲದಲ್ಲಿ ಹೊರಬರುವ ಪೆಟ್ರೋಲಿನ ಗಾತ್ರ ಸಣ್ಣ ಕಾರಿನಲ್ಲಿ ಎರಡು ಮೂರು ಎಳ್ಳುಕಾಳಿನಷ್ಟು.

ತೊಟ್ಟಿಯೊಳಗಿನ ಪಂಪು ಪೆಟ್ರೋಲನ್ನು ಎಲ್ಲ ಇಂಜೆಕ್ಟರುಗಳಿಗೂ ಸಾಮಾನ್ಯವಾದ ಒಂದು ಕೊಳವೆಗೆ ನೂಕುತ್ತದೆ. ಇದನ್ನು ಮೆಕ್ಯಾನಿಕರು ‘ರೈಲು’ ಎನ್ನುವರು. ಅದರೊಳಗಿನ ಒತ್ತಡ ವಾಯುಭಾರದ ಸುಮಾರು ಮೂರು ಪಟ್ಟು. ಮೂವತ್ತು ಮೀಟರು ಎತ್ತರದಲ್ಲಿ ನಿಲ್ಲಿಸಿದ ನೀರಿನ ತೊಟ್ಟಿಯ ಕೆಳಗೆ ನಲ್ಲಿ ತಿರುಗಿಸಿದರೆ ನೀರು ಎಷ್ಟು ರಭಸದಿಂದ ಬರುವುದೋ ಅಷ್ಟು ರಭಸಕ್ಕೆ ಈ ಪೆಟ್ರೋಲು ಸಿದ್ಧವಾಗಿ ನಿಂತಿರುತ್ತದೆ.

ಸೋರಿಕೆಯ ಮೂರು ಬಗೆಗಳು

ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಹೋಗುವಾಗ ಎಂಜಿನ್ನು ನಿಮಿಷಕ್ಕೆ ೨,೫೦೦ ಸಲ ತಿರುಗುವುದೆಂದು ಇಟ್ಟುಕೊಂಡರೆ, ಪ್ರತಿ ಕಿಲೋಮೀಟರಿಗೆ ೩,೦೦೦ ಸುತ್ತು ಆಯಿತು. ಎರಡು ಸುತ್ತಿಗೊಮ್ಮೆ ಇಂಜೆಕ್ಟರು ತೆರೆಯುವ ಕಾರಿನಲ್ಲಿ ಕಿಲೋಮೀಟರಿಗೆ ೧,೫೦೦ ಸಲ. ಒಂದು ಲಕ್ಷ ಕಿಲೋಮೀಟರಿಗೆ ಹದಿನೈದು ಕೋಟಿ ಸಲ. ಇಷ್ಟು ಬಾರಿ ಪೀಠಕ್ಕೆ ಬಡಿದ ಸೂಜಿ ಸವೆಯುವುದರಲ್ಲಿ ಆಶ್ಚರ್ಯವಿಲ್ಲ. ಇಷ್ಟು ಕಾಲ ಸವೆಯದೆ ಉಳಿಯುವುದೇ ಆಶ್ಚರ್ಯ. ಸೂಜಿಯ ತುದಿ ಸವೆದಾಗ, ಅಥವಾ ಅಲ್ಲಿ ಕಸವೋ ಅಂಟೋ ಸಿಕ್ಕಿಕೊಂಡಾಗ, ನಲ್ಲಿ ಪೂರ್ತಿ ಮುಚ್ಚದೆ ಪೆಟ್ರೋಲು ಒಳಕ್ಕೆ ತೊಟ್ಟಿಕ್ಕುತ್ತದೆ. ಇದು ಒಳಸೋರಿಕೆ.

ಎರಡನೆಯದು ಹೊರಸೋರಿಕೆ. ಇಂಜೆಕ್ಟರಿನ ಮೇಲ್ತುದಿ ರೈಲಿನೊಳಗೆ ಕುಳಿತಿರುವೆಡೆ ‘ಓ-ರಿಂಗು’ ಎಂಬ ರಬ್ಬರಿನ ಬಳೆಯಿದೆ. ಎಂಜಿನ್ನಿನ ಬಿಸಿಗೆ ವರ್ಷಗಟ್ಟಲೆ ಬೆಂದು ಅದು ತನ್ನ ಮೃದುತ್ವವನ್ನು ಕಳೆದುಕೊಂಡಾಗ ಪೆಟ್ರೋಲು ಅದರ ಅಂಚಿನಿಂದ ಹೊರಕ್ಕೆ ಬರುತ್ತದೆ. ಎಲ್ಲಕ್ಕಿಂತ ಅಪಾಯಕಾರಿಯಾದುದು ಇದೇ. ಏಕೆಂದರೆ ಬಿಸಿಯಾದ ನಿಷ್ಕಾಸ ಕೊಳವೆಯೂ ಕಿಡಿಯ ತಂತಿಗಳೂ ಅಲ್ಲಿಂದ ದೂರವಿಲ್ಲ.

ಮೂರನೆಯದರಲ್ಲಿ ಸೋರುವುದು ಪೆಟ್ರೋಲಲ್ಲ, ಗಾಳಿ. ಇಂಜೆಕ್ಟರಿನ ಕೆಳತುದಿಯ ಬಳೆ ಕೆಟ್ಟರೆ ಹೊರಗಿನ ಗಾಳಿ ಅಳತೆಗೆ ಸಿಕ್ಕದೆ ಒಳನುಗ್ಗುವುದು. ಎಂಜಿನ್ನು ನಿಂತಲ್ಲಿ ಸಮವಾಗಿ ತಿರುಗದೆ ಏರಿಳಿಯುತ್ತದೆ.

ಇಲ್ಲಿ ಎಥನಾಲಿನ ಮಾತನ್ನೂ ಹೇಳಬೇಕು. ಶೇಕಡಾ ೨೦ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ ೨೦೨೩ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಅನಂತರ ಅದು ದೇಶದಲ್ಲೆಲ್ಲ ಹರಡಿತು. ಇಪ್ಪತ್ತು ವರ್ಷದ ಹಿಂದಿನ ಕಾರುಗಳ ರಬ್ಬರನ್ನು ಇಷ್ಟು ಎಥನಾಲಿಗಾಗಿ ಆಯ್ದಿರಲಿಲ್ಲ. ಕೆಲವು ಜಾತಿಯ ರಬ್ಬರು ಇದರಲ್ಲಿ ಉಬ್ಬಿ, ಒಣಗಿದಾಗ ಕುಗ್ಗಿ, ಬಿರಿಯುತ್ತದೆ. ಫ್ಲೂರಿನ್ ಬೆರೆತ ‘ವೈಟನ್’ ಮಾದರಿಯ ರಬ್ಬರು ಪೆಟ್ರೋಲಿಗೂ ಬಿಸಿಗೂ ಹೆಚ್ಚು ತಡೆಯುವುದು. ಬಳೆಗಳನ್ನು ಕೊಳ್ಳುವಾಗ ಅಂಗಡಿಯಲ್ಲಿ ಇದನ್ನೇ ಕೇಳಿ ಪಡೆಯತಕ್ಕದ್ದು. ನೀರಿನ ನಲ್ಲಿಗೆ ಹಾಕುವ ಸಾಮಾನ್ಯ ಬಳೆ, ಅಳತೆ ಸರಿಹೊಂದಿದರೂ, ಇಲ್ಲಿಗೆ ಸಲ್ಲದು.

ರೋಗದ ಪರೀಕ್ಷೆ

ಒಳಸೋರಿಕೆಯ ಲಕ್ಷಣಗಳು ಹಲವು. ಬಿಸಿ ಎಂಜಿನ್ನನ್ನು ನಿಲ್ಲಿಸಿ ಅರ್ಧ ಗಂಟೆಯ ಮೇಲೆ ಚಾಲೂ ಮಾಡಿದರೆ ಅದು ಬೇಗ ಹಿಡಿಯುವುದಿಲ್ಲ. ನಿಂತಿದ್ದಾಗ ತೊಟ್ಟಿಕ್ಕಿದ ಪೆಟ್ರೋಲಿನಿಂದ ಮಿಶ್ರಣ ಕಿಡಿಗೂ ಹೊತ್ತಿಕೊಳ್ಳದಷ್ಟು ದಟ್ಟವಾಗಿರುತ್ತದೆ. ಹಿಡಿದಾಗ ಕಪ್ಪು ಹೊಗೆ ಬರುತ್ತದೆ. ಮೈಲೇಜು ಇಳಿಯುತ್ತದೆ. ಎಣ್ಣೆಯ ಅಳತೆಕಡ್ಡಿಯನ್ನು ಎಳೆದು ಮೂಸಿದರೆ ಪೆಟ್ರೋಲಿನ ವಾಸನೆ ಬರುತ್ತದೆ. ಕೆಲವೊಮ್ಮೆ ಎಣ್ಣೆಯ ಮಟ್ಟವೇ ಏರಿರುತ್ತದೆ.

ಒಂದು ಇಂಜೆಕ್ಟರಿನ ದೋಷ ಉಳಿದ ಸಿಲಿಂಡರುಗಳನ್ನೂ ಹೇಗೆ ಕಾಡುವುದೆಂಬುದು ತಿಳಿಯತಕ್ಕ ಸಂಗತಿ. ಹೊಗೆಕೊಳವೆಯಲ್ಲಿ ಆಮ್ಲಜನಕವನ್ನು ಅಳೆಯುವ ಸಾಧನವೊಂದಿದೆ. ಪೆಟ್ರೋಲು ಹೆಚ್ಚಾದರೆ ಅದು ನಿಯಂತ್ರಕ ಗಣಕಕ್ಕೆ ತಿಳಿಸುತ್ತದೆ. ಗಣಕಕ್ಕೆ ಯಾವ ಸಿಲಿಂಡರು ತಪ್ಪಿತಸ್ಥನೆಂದು ಗೊತ್ತಾಗದು. ಅದು ಎಲ್ಲರ ಪಾಲನ್ನೂ ಕಡಿಮೆ ಮಾಡುತ್ತದೆ. ಒಬ್ಬ ಹುಡುಗ ಗದ್ದಲ ಮಾಡಿದರೆ ಮೇಷ್ಟರು ತರಗತಿಗೆಲ್ಲ ಶಿಕ್ಷೆ ಕೊಟ್ಟಂತೆ, ಸೋರುವ ಸಿಲಿಂಡರಿನಲ್ಲಿ ಪೆಟ್ರೋಲು ಹೆಚ್ಚಾಗಿಯೇ ಉಳಿದು, ನಿರ್ದೋಷಿಗಳಾದ ಮಿಕ್ಕವು ಹಸಿದು ನಡುಗುತ್ತವೆ.

ತಪ್ಪಿತಸ್ಥನನ್ನು ಹಿಡಿಯುವ ಸುಲಭ ಉಪಾಯ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು ಸಾಲಾಗಿ ಇಟ್ಟು ನೋಡುವುದು. ಮೂರು ತಿಳಿಗಂದಾಗಿದ್ದು ಒಂದು ಮಾತ್ರ ಮಸಿ ಹಿಡಿದು ಒದ್ದೆಯಾಗಿದ್ದರೆ ಆ ಸಿಲಿಂಡರಿನ ಮೇಲೆ ಸಂಶಯಪಡಬಹುದು. ಆದರೆ ಕಿಡಿ ದುರ್ಬಲವಾದರೂ ಪ್ಲಗ್ಗು ಕಪ್ಪಾಗುತ್ತದೆ. ಆದುದರಿಂದ ಆ ಪ್ಲಗ್ಗನ್ನು ಬೇರೆ ಸಿಲಿಂಡರಿನದರೊಡನೆ ಅದಲುಬದಲು ಮಾಡಿ ಒಂದೆರಡು ದಿನ ಓಡಿಸಿ ನೋಡಬೇಕು. ಮಸಿ ಪ್ಲಗ್ಗಿನ ಸಂಗಡ ಹೋದರೆ ದೋಷ ಪ್ಲಗ್ಗಿನದು. ಅದೇ ಸಿಲಿಂಡರಿನಲ್ಲಿ ನಿಂತರೆ ಇಂಜೆಕ್ಟರಿನ ಮೇಲೆ, ಇಲ್ಲವೆ ಆ ಸಿಲಿಂಡರಿಗೆ ಕಿಡಿ ಒಯ್ಯುವ ತಂತಿ ಅಥವಾ ಕಾಯಿಲಿನ ಮೇಲೆ ಸಂಶಯ ಬಲಗೊಳ್ಳುತ್ತದೆ.

ಒತ್ತಡದ ಮಾಪಕವಿದ್ದರೆ ಇನ್ನೂ ಒಳ್ಳೆಯದು. ಎಂಜಿನ್ನು ನಿಂತ ಮೇಲೆ ರೈಲಿನ ಒತ್ತಡ ಬಹಳ ಹೊತ್ತು ನಿಲ್ಲಬೇಕು. ಕೂಡಲೆ ಬಿದ್ದುಹೋದರೆ ಎಲ್ಲಿಯೋ ಸೋರಿಕೆ ಇದೆಯೆಂದರ್ಥ. ಆದರೆ ಅದು ಪಂಪಿನಲ್ಲಿರುವ ಹಿಮ್ಮುಖ ತಡೆಯ ಕವಾಟವೂ ಆಗಿರಬಹುದು. ರೈಲಿನ ತುದಿಯಲ್ಲಿ ಒತ್ತಡ ನಿಯಂತ್ರಕವಿರುವ ಕಾರುಗಳಲ್ಲಿ ಅದರೊಳಗಿನ ಹರಿದ ಪೊರೆಯೂ ಆಗಿರಬಹುದು. ನಿಯಂತ್ರಕಕ್ಕೆ ಬಂದಿರುವ ಸಣ್ಣ ರಬ್ಬರ್ ಕೊಳವೆಯನ್ನು ಕಿತ್ತು ನೋಡಿದಾಗ ಒಳಗೆ ಪೆಟ್ರೋಲಿನ ಒದ್ದೆಯಿದ್ದರೆ ಪೊರೆ ಹರಿದಿದೆಯೆಂದು ನಿಶ್ಚಯಿಸಬಹುದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ತಾಗಿಸಿ ಹಿಡಿಯನ್ನು ಕಿವಿಗಿಟ್ಟು ಟಿಕ್ ಟಿಕ್ ಸದ್ದನ್ನು ಕೇಳುವ ರೂಢಿಯೂ ಉಂಟು. ಆ ಸದ್ದು ಸೂಜಿ ಏಳುತ್ತಿದೆಯೆಂದು ಮಾತ್ರ ತಿಳಿಸುವುದೇ ಹೊರತು ಸರಿಯಾಗಿ ಮುಚ್ಚುತ್ತಿದೆಯೆಂದು ತಿಳಿಸದು.

ಎಲ್ಲಿ ಕೈಹಾಕಬಾರದು

ಡೀಸೆಲ್ ಕಾರಿನ ಇಂಜೆಕ್ಟರಿಗೆ ಮನೆಯಲ್ಲಿ ಕೈಹಾಕಲೇಬಾರದು. ಇಂದಿನ ಡೀಸೆಲ್ ರೈಲಿನ ಒತ್ತಡ ವಾಯುಭಾರದ ಸಾವಿರ ಪಟ್ಟಿಗೂ ಮೀರುತ್ತದೆ. ಅಲ್ಲಿಂದ ಚಿಮ್ಮುವ ಎಳೆ ಚರ್ಮವನ್ನು ತೂರಿ ಮಾಂಸಕ್ಕೆ ಇಳಿಯಬಲ್ಲುದು. ಸಿಲಿಂಡರಿನೊಳಕ್ಕೆ ನೇರವಾಗಿ ಸಿಂಪಡಿಸುವ ಹೊಸ ಪೆಟ್ರೋಲ್ ಎಂಜಿನ್ನುಗಳಿಗೂ ಇದೇ ನಿಷೇಧ. ಗಾಳಿಯ ಕೊಳವೆಗಳನ್ನೆಲ್ಲ ಕಳಚಿದ ಹೊರತು ಇಂಜೆಕ್ಟರು ಕಾಣಿಸದ ಕಾರುಗಳನ್ನು ಅನುಭವಸ್ಥ ಮೆಕ್ಯಾನಿಕನಿಗೆ ಬಿಡುವುದು ಜಾಣತನ. ಬಹುಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವವರು ಅಲ್ಲಿ ಈ ಕೆಲಸಕ್ಕೆ ತೊಡಗಕೂಡದು. ಕಾರಣವನ್ನು ಮುಂದೆ ನೋಡೋಣ.

ಹೊರಸೋರಿಕೆ ಕಣ್ಣಿಗೆ ಕಾಣುವಷ್ಟಿದ್ದರೆ ಕಾರನ್ನು ಚಾಲೂ ಮಾಡಲೇಬಾರದು. ‘ಗ್ಯಾರೇಜು ಇಲ್ಲೇ ಹತ್ತಿರ, ಮೆಲ್ಲನೆ ಓಡಿಸಿಕೊಂಡು ಹೋಗುವೆ’ ಎಂಬ ಲೆಕ್ಕ ಅಪಾಯದ ಲೆಕ್ಕ. ಕಾರನ್ನು ಇದ್ದಲ್ಲಿಯೇ ರಿಪೇರಿ ಮಾಡಬೇಕು, ಇಲ್ಲವೆ ಬೇರೆ ವಾಹನದ ಮೇಲೇರಿಸಿ ಒಯ್ಯಬೇಕು.

ಪೆಟ್ರೋಲಿನ ಆವಿ

ದ್ರವರೂಪದ ಪೆಟ್ರೋಲು ಉರಿಯುವುದಿಲ್ಲ. ಉರಿಯುವುದು ಅದರ ಆವಿ. ಸೀಮೆಎಣ್ಣೆಯ ಆವಿ ಹೊತ್ತಿಕೊಳ್ಳಬೇಕಾದರೆ ಅದನ್ನು ಸುಮಾರು ೩೫ ಡಿಗ್ರಿಗಿಂತ ಮೇಲೆ ಕಾಯಿಸಬೇಕು. ಪೆಟ್ರೋಲಾದರೋ ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ನಮ್ಮ ನಾಡಿನ ಯಾವ ಋತುವಿನಲ್ಲಿಯೂ ಅದು ಸುರಕ್ಷಿತವಾದ ದ್ರವವಲ್ಲ.

ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಹೊಗೆಯಂತೆ ಮೇಲೇರಿ ಚದುರುವುದಿಲ್ಲ. ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ಮಡುಗಟ್ಟುತ್ತದೆ. ಗಾಳಿಯಲ್ಲಿ ಶೇಕಡಾ ಒಂದೂವರೆಯಷ್ಟು ಸೇರಿದರೆ ಸಾಕು, ಮಿಶ್ರಣ ಕಿಡಿಗೆ ಕಾದು ನಿಲ್ಲುತ್ತದೆ. ೨೦೦ ಮಿಲಿಲೀಟರಿನ ಒಂದು ಲೋಟ ಪೆಟ್ರೋಲು ಪೂರ್ತಿ ಆವಿಯಾದರೆ ಹೆಚ್ಚುಕಡಿಮೆ ೩೬ ಲೀಟರು ಆವಿಯಾಗುವುದು. ಅದು ಸುಮಾರು ಎರಡೂವರೆ ಘನಮೀಟರು ಗಾಳಿಯನ್ನು ಹೊತ್ತಿಕೊಳ್ಳುವ ಮಿಶ್ರಣವನ್ನಾಗಿಸಬಲ್ಲುದು. ಮುಚ್ಚಿದ ಷೆಡ್ಡಿನಲ್ಲಿ ಅಷ್ಟೂ ನೆಲದ ಮಟ್ಟದಲ್ಲಿ ಹರಡಿಕೊಂಡಿರುವುದೆಂಬುದನ್ನು ನೆನೆದರೆ ಸ್ಥಳದ ಆಯ್ಕೆ ಏಕೆ ಮುಖ್ಯವೆಂಬುದು ಸ್ಪಷ್ಟವಾಗುವುದು.

ಆದುದರಿಂದ ಕೆಲಸ ನಡೆಯಬೇಕಾದುದು ಬಯಲಿನಲ್ಲಿ, ಹಗಲಿನಲ್ಲಿ. ಸುತ್ತಮುತ್ತ ಒಲೆ, ಗ್ಯಾಸ್ ಗೀಸರು, ಬೀಡಿ ಸಿಗರೇಟು, ಊದುಬತ್ತಿ, ದೀಪ ಯಾವುದೂ ಇರಕೂಡದು. ಬೆಳಕು ಬೇಕಾದರೆ ಬ್ಯಾಟರಿಯ ಟಾರ್ಚನ್ನು ದೂರದಲ್ಲಿಯೇ ಹೊತ್ತಿಸಿ ತರಬೇಕು. ಮಕ್ಕಳನ್ನು ದೂರವಿಡಬೇಕು. ಒಣಪುಡಿಯ ಅಗ್ನಿಶಾಮಕವೊಂದು ಕೈಗೆಟುಕುವಂತಿರಬೇಕು. ಒಂದು ಬಕೆಟ್ಟು ಮರಳೂ ಇರಲಿ. ಉರಿಯುವ ಪೆಟ್ರೋಲಿಗೆ ನೀರು ಸುರಿಯಬಾರದು. ಪೆಟ್ರೋಲು ನೀರಿಗಿಂತ ಹಗುರವಾದುದರಿಂದ ಅದರ ಮೇಲೆ ತೇಲಿ ಬೆಂಕಿಯನ್ನು ಇನ್ನಷ್ಟು ದೂರ ಒಯ್ಯುತ್ತದೆ. ಪೆಟ್ರೋಲಿನಲ್ಲಿ ಬೆನ್ಜೀನ್ ಮುಂತಾದ ವಿಷವಸ್ತುಗಳಿರುವುದರಿಂದ ಕೈಗೆ ನೈಟ್ರೈಲ್ ಗವಸು, ಕಣ್ಣಿಗೆ ಕನ್ನಡಕ ಧರಿಸತಕ್ಕದ್ದು.

ಒತ್ತಡವನ್ನು ಇಳಿಸುವುದು

ಎಂಜಿನ್ನು ಪೂರ್ತಿ ತಣ್ಣಗಾಗಿರಬೇಕು. ರಾತ್ರಿಯೆಲ್ಲ ನಿಂತ ಕಾರಿನ ಮೇಲೆ ಬೆಳಿಗ್ಗೆ ಕೆಲಸ ಮಾಡುವುದು ಉತ್ತಮ. ಆದರೆ ಕಾರು ತಣ್ಣಗಾದರೂ ರೈಲಿನೊಳಗಿನ ಒತ್ತಡ ಪೂರ್ತಿ ಇಳಿದಿರುವುದೆಂದು ನಂಬಬಾರದು. ಹೊರಸೋರಿಕೆ ಇಲ್ಲದ ಕಾರಿನಲ್ಲಿ ಅದನ್ನು ಇಳಿಸುವ ಕ್ರಮ ಹೀಗೆ: ಪೆಟ್ರೋಲ್ ಪಂಪಿನ ಫ್ಯೂಸು ಅಥವಾ ರಿಲೇಯನ್ನು ಕಿತ್ತು, ಎಂಜಿನ್ನನ್ನು ಚಾಲೂ ಮಾಡಬೇಕು. ರೈಲಿನಲ್ಲಿ ಉಳಿದಿದ್ದ ಪೆಟ್ರೋಲನ್ನು ಕುಡಿದು ಅದು ತಾನಾಗಿ ನಿಲ್ಲುತ್ತದೆ. ಮತ್ತೆ ಎರಡು ಮೂರು ಸಲ ಸ್ಟಾರ್ಟರನ್ನು ತಿರುಗಿಸಬೇಕು. ಕಡೆಗೆ ತೊಟ್ಟಿಯ ಮುಚ್ಚಳವನ್ನು ಒಮ್ಮೆ ತೆರೆದು ಅಲ್ಲಿ ಕೂಡಿರುವ ಆವಿಯ ಒತ್ತಡವನ್ನೂ ಬಿಟ್ಟು ಮುಚ್ಚಬೇಕು. ಎಂಜಿನ್ನು ಬಿಸಿಯೇರಿದ್ದರೆ ಮತ್ತೆ ಆರುವವರೆಗೆ ಕಾಯಬೇಕು.

ಹೊರಕ್ಕೆ ಸೋರುತ್ತಿರುವ ಕಾರಿನಲ್ಲಿ ಈ ಕ್ರಮವನ್ನು ಅನುಸರಿಸಬಾರದು. ಒದ್ದೆಯಾದ ಎಂಜಿನ್ನಿನ ಪಕ್ಕದಲ್ಲಿ ಕಿಡಿ ಹುಟ್ಟಿಸುವುದು ಸಲ್ಲದು. ಅಲ್ಲಿ ಫ್ಯೂಸನ್ನು ಕಿತ್ತು, ಬಾನೆಟ್ಟು ತೆರೆದಿಟ್ಟು, ಜಿನುಗಿದ ಪೆಟ್ರೋಲು ಪೂರ್ತಿ ಆರಿ ವಾಸನೆ ಹೋಗುವವರೆಗೆ ಕಾದು, ಅನಂತರವೇ ಬ್ಯಾಟರಿಗೆ ಕೈಹಾಕಬೇಕು. ಉಳಿದ ಒತ್ತಡ ಆ ಸೋರುವ ಬಾಯಿಂದಲೇ ಬಹುಮಟ್ಟಿಗೆ ಇಳಿದಿರುತ್ತದೆ.

ಮುಂದೆ ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಬೇಕು. ಋಣವನ್ನೇ ಮೊದಲು ಬಿಚ್ಚುವುದೇಕೆ? ಕಾರಿನ ಲೋಹದ ಮೈಯೆಲ್ಲ ಋಣ ತುದಿಗೆ ಸೇರಿದೆ. ಧನ ತುದಿಯನ್ನು ಬಿಚ್ಚುವಾಗ ಸ್ಪಾನರು ಅಕಸ್ಮಾತ್ತಾಗಿ ಮೈಗೆ ತಾಗಿದರೆ ಬ್ಯಾಟರಿಯ ಶಕ್ತಿಯೆಲ್ಲ ಆ ಸ್ಪಾನರಿನ ಮೂಲಕ ಹರಿದು ದೊಡ್ಡ ಕಿಡಿ ಏಳುತ್ತದೆ. ಋಣ ತುದಿಯನ್ನು ಬಿಚ್ಚುವಾಗ ತಾಗಿದರೂ ಏನೂ ಆಗದು. ಹಿಂದಕ್ಕೆ ಜೋಡಿಸುವಾಗ ಇದೇ ಕಾರಣಕ್ಕಾಗಿ ಋಣವನ್ನು ಕೊನೆಗೆ ಜೋಡಿಸುವುದು.

ಬಿಚ್ಚುವ ಕ್ರಮ

ಇಂಜೆಕ್ಟರುಗಳ ಬುಡದಲ್ಲಿ ವರ್ಷಗಳ ಧೂಳು, ಮರಳು ಕೂತಿರುತ್ತದೆ. ಅದನ್ನು ಬ್ರಷ್ಷಿನಿಂದಲೂ ಗಾಳಿಯಿಂದಲೂ ಮೊದಲೇ ತೆಗೆಯಬೇಕು. ಇಂಜೆಕ್ಟರನ್ನು ಎಳೆದ ಮೇಲೆ ಅದು ರಂಧ್ರದೊಳಗೆ ಬಿದ್ದರೆ ನೇರವಾಗಿ ಕವಾಟಕ್ಕೂ ಸಿಲಿಂಡರಿಗೂ ಹೋಗುವುದು. ದಾರಿಗೆ ಅಡ್ಡವಾದ ಗಾಳಿಯ ಕೊಳವೆಯನ್ನು ತೆಗೆದು, ಬಿಚ್ಚಿದ ಪ್ರತಿಯೊಂದಕ್ಕೂ ಗುರುತಿನ ಚೀಟಿ ಅಂಟಿಸಬೇಕು. ಇಂಜೆಕ್ಟರಿನ ವಿದ್ಯುತ್ ಪ್ಲಗ್ಗುಗಳನ್ನು ಕೊಂಡಿಯೊತ್ತಿ ಪ್ಲಗ್ಗನ್ನೇ ಹಿಡಿದು ಎಳೆಯಬೇಕು, ತಂತಿಯನ್ನು ಹಿಡಿದಲ್ಲ. ಹಳೆಯ ಪ್ಲಾಸ್ಟಿಕ್ಕು ಹಪ್ಪಳದಂತೆ ಮುರಿಯುವುದುಂಟು.

ರೈಲಿಗೆ ಬಂದಿರುವ ಪೆಟ್ರೋಲಿನ ಕೊಳವೆಯ ಕೆಳಗೆ ತಗಡಿನ ಪಾತ್ರೆಯಿಟ್ಟು, ಜೋಡಣೆಗೆ ಬಟ್ಟೆ ಸುತ್ತಿ, ನಿಧಾನವಾಗಿ ಸಡಿಲಿಸಬೇಕು. ಒತ್ತಡ ಇಳಿದಿದ್ದರೂ ಒಂದಿಷ್ಟು ಪೆಟ್ರೋಲು ಬಂದೇ ಬರುವುದು. ಬಳಿಕ ರೈಲಿನ ಬೋಲ್ಟುಗಳನ್ನು ಬಿಚ್ಚಿ, ರೈಲನ್ನು ಎರಡೂ ತುದಿಗಳಲ್ಲಿ ಹಿಡಿದು ಅತ್ತಿತ್ತ ಮೆಲ್ಲನೆ ಅಲುಗಿಸುತ್ತ ನೇರವಾಗಿ ಮೇಲಕ್ಕೆ ಎತ್ತಬೇಕು. ಇಂಜೆಕ್ಟರುಗಳು ಅದರೊಡನೆಯೇ ಬರುತ್ತವೆ. ಸ್ಕ್ರೂಡ್ರೈವರಿನಿಂದ ಮೀಟಬಾರದು, ಅಲ್ಯೂಮಿನಿಯಂ ಭಾಗದ ಮೇಲೆ ಬಿದ್ದ ಗೀರು ಹೊಸ ಬಳೆಯನ್ನೂ ಸೋಲಿಸುತ್ತದೆ. ಕೆಳಗಿನ ಬಳೆಗಳು ರಂಧ್ರದಲ್ಲೇ ಅಂಟಿಕೊಂಡಿದ್ದರೆ ಅವನ್ನು ಮರೆಯದೆ ತೆಗೆಯಬೇಕು. ಹಳೆಯ ಬಳೆಯ ಮೇಲೆ ಹೊಸತನ್ನು ಕೂರಿಸಿದರೆ ಇಂಜೆಕ್ಟರು ಓರೆಯಾಗಿ ನಿಲ್ಲುತ್ತದೆ. ತೆರೆದ ರಂಧ್ರಗಳನ್ನು ಜೂಲು ಬಿಡದ ಬಟ್ಟೆಯಿಂದ ಮುಚ್ಚಿ, ಎಷ್ಟು ತುಂಡು ಇಟ್ಟೆವೆಂಬುದನ್ನು ಬರೆದಿಡಬೇಕು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಹತ್ತಿಯುಂಡೆಗಳನ್ನು ಎಣಿಸುವ ನಿಯಮ ಇಲ್ಲಿಗೂ ಅನ್ವಯಿಸುವುದು.

ಹೊಸದನ್ನು ಕೂರಿಸುವುದು

ಇಂಜೆಕ್ಟರನ್ನು ರೈಲಿಗೆ ಹಿಡಿದಿರುವ ತಂತಿಯ ಕ್ಲಿಪ್ಪನ್ನು ಸರಿಸಿ, ಇಂಜೆಕ್ಟರನ್ನು ತಿರುಗಿಸುತ್ತ ಎಳೆದರೆ ಕಳಚುತ್ತದೆ. ಹೊಸದನ್ನು ಹಳೆಯದರ ಪಕ್ಕದಲ್ಲಿಟ್ಟು ಮೈಮೇಲಿನ ಸಂಖ್ಯೆ, ಉದ್ದ, ಪ್ಲಗ್ಗಿನ ಆಕಾರ, ತುದಿಯ ರಂಧ್ರಗಳ ಎಣಿಕೆ ಇವನ್ನು ಹೋಲಿಸಬೇಕು. ನೋಡಲು ಒಂದೇ ತೆರನಾದ ಇಂಜೆಕ್ಟರುಗಳು ಬೇರೆ ಬೇರೆ ಪ್ರಮಾಣದ ಪೆಟ್ರೋಲನ್ನು ಬಿಡುವುವಾಗಿರಬಹುದು. ಮೀಟರಿನಿಂದ ಸುರುಳಿಯ ರೋಧವನ್ನು ಅಳೆದರೆ ಈ ಕಾಲದ ಕಾರುಗಳಲ್ಲಿ ಸಾಮಾನ್ಯವಾಗಿ ೧೨ರಿಂದ ೧೬ ಓಮ್ ಬರಬೇಕು. ಹೊಸದು ಹಳೆಯದರ ಸಮೀಪಕ್ಕೆ ಬಾರದಿದ್ದರೆ ಅಂಗಡಿಗೆ ಹಿಂದಿರುಗಿಸತಕ್ಕದ್ದು.

ಒಂದೇ ಇಂಜೆಕ್ಟರು ಕೆಟ್ಟಿದ್ದರೆ ಒಂದನ್ನೇ ಬದಲಿಸಿದರೆ ಸಾಕು. ಆದರೆ ರಬ್ಬರಿನ ಬಳೆಗಳ ವಿಷಯದಲ್ಲಿ ಈ ಮಿತವ್ಯಯ ಕೂಡದು. ಎಲ್ಲ ಬಳೆಗಳೂ ಒಂದೇ ದಿನ ಹುಟ್ಟಿ ಒಂದೇ ಬಿಸಿಯಲ್ಲಿ ಬೆಂದವು. ಒಂದು ಬಿರಿದಿದ್ದರೆ ಮಿಕ್ಕವುಗಳ ಸರದಿ ದೂರವಿಲ್ಲ. ಅವುಗಳ ಬೆಲೆ ಅಲ್ಪ. ಸೋರುತ್ತಿರುವುದು ಮೇಲಿನ ಬಳೆ ಮಾತ್ರವಾಗಿದ್ದು ಇಂಜೆಕ್ಟರು ಸರಿಯಾಗಿದ್ದರೆ, ಬಳೆಗಳ ಬದಲಾವಣೆಯೊಂದರಿಂದಲೇ ರೋಗ ವಾಸಿಯಾಗುವುದು. ಇಂಜೆಕ್ಟರನ್ನು ಕೊಳ್ಳುವ ಮೊದಲು ಇದನ್ನು ನಿರ್ಧರಿಸಿಕೊಂಡರೆ ಸಾವಿರಾರು ರೂಪಾಯಿ ಉಳಿದೀತು.

ಹೊಸ ಬಳೆಯನ್ನು ಒಣದಾಗಿ ತುರುಕಬಾರದು, ತಿರುಚಿಕೊಂಡು ಹರಿಯುತ್ತದೆ. ಬೆರಳ ತುದಿಯಿಂದ ಸ್ವಚ್ಛವಾದ ಎಂಜಿನ್ ಎಣ್ಣೆಯ ತೆಳುಪೊರೆಯನ್ನು ಸವರಬೇಕು. ಗ್ರೀಸು ಬೇಡ, ಅದು ಸೂಕ್ಷ್ಮ ರಂಧ್ರಗಳನ್ನು ಕಟ್ಟೀತು. ಇಂಜೆಕ್ಟರನ್ನು ರೈಲಿಗೆ ನೇರವಾಗಿ ಒತ್ತಿ ಕ್ಲಿಪ್ಪು ಹಾಕಿ, ಬಟ್ಟೆಯ ತುಂಡುಗಳನ್ನು ಎಣಿಸಿ ತೆಗೆದು, ಎಲ್ಲ ಇಂಜೆಕ್ಟರುಗಳೂ ತಮ್ಮ ತಮ್ಮ ರಂಧ್ರಕ್ಕೆ ಇಳಿಯುವಂತೆ ರೈಲನ್ನು ಸಮವಾಗಿ ಒತ್ತಬೇಕು. ಬೋಲ್ಟುಗಳನ್ನು ಬಿಗಿಯುವ ಮೊದಲು ಪ್ರತಿಯೊಂದು ಇಂಜೆಕ್ಟರನ್ನೂ ಕೈಯಿಂದ ತುಸು ತಿರುಗಿಸಿ ನೋಡಬೇಕು. ನಯವಾಗಿ ತಿರುಗಿದರೆ ಬಳೆ ಸರಿಯಾಗಿ ಕುಳಿತಿದೆ. ಬಿಗಿಹಿಡಿದರೆ ಎಲ್ಲಿಯೋ ತಿರುಚಿದೆ, ಮತ್ತೆ ತೆಗೆದು ನೋಡಲೇಬೇಕು. ಈ ಸಣ್ಣ ಪರೀಕ್ಷೆಯನ್ನು ಬಿಟ್ಟವರೇ ಸಾಮಾನ್ಯವಾಗಿ ಎರಡನೆಯ ಸಲ ಎಲ್ಲವನ್ನೂ ಬಿಚ್ಚುವವರು. ಬೋಲ್ಟುಗಳನ್ನು ಒಂದೊಂದು ಸುತ್ತಿನಂತೆ ಸರದಿಯಾಗಿ, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಮಾತ್ರ ಬಿಗಿಯಬೇಕು. ಅಲ್ಯೂಮಿನಿಯಂ ಮರೆಗಳು ಬಲಪ್ರದರ್ಶನವನ್ನು ಸಹಿಸವು.

ಚಾಲೂ ಮಾಡುವ ಮೊದಲು

ಕೊಳವೆ, ವಿದ್ಯುತ್ ಪ್ಲಗ್ಗು, ಫ್ಯೂಸು, ಕಡೆಗೆ ಬ್ಯಾಟರಿಯ ಋಣ ತಂತಿ, ಈ ಕ್ರಮದಲ್ಲಿ ಎಲ್ಲವನ್ನೂ ಜೋಡಿಸಿದ ಮೇಲೆ ಒಡನೆ ಎಂಜಿನ್ನನ್ನು ಚಾಲೂ ಮಾಡಬಾರದು. ಚೆಲ್ಲಿದ ಪೆಟ್ರೋಲು ಪೂರ್ತಿ ಆರಿರಬೇಕು. ಬಳಿಕ ಕೀಲಿಯನ್ನು ಸ್ಟಾರ್ಟರಿನವರೆಗೆ ಒಯ್ಯದೆ ಅದರ ಹಿಂದಿನ ಸ್ಥಾನದಲ್ಲಿ ನಿಲ್ಲಿಸಿದರೆ ಪಂಪು ಎರಡು ಮೂರು ಸೆಕೆಂಡು ಗುಯ್ಗುಟ್ಟಿ ನಿಲ್ಲುತ್ತದೆ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ರೈಲು ತುಂಬಿ ಒತ್ತಡ ಏರುತ್ತದೆ. ಈಗ ಟಾರ್ಚು ಹಿಡಿದು ಪ್ರತಿಯೊಂದು ಜೋಡಣೆಯ ಸುತ್ತ ಒಣ ಕಾಗದದ ಚೂರನ್ನು ಆಡಿಸಿ ನೋಡಬೇಕು. ಕಣ್ಣಿಗೆ ಕಾಣದ ಒದ್ದೆಯನ್ನು ಕಾಗದ ತೋರಿಸುತ್ತದೆ. ಸ್ವಲ್ಪ ಒದ್ದೆ ಕಂಡರೂ ಫ್ಯೂಸು ಕಿತ್ತು ಮೊದಲಿನಿಂದ ಪ್ರಾರಂಭಿಸಬೇಕು. ‘ಬಿಸಿಯಾದಾಗ ಹಿಗ್ಗಿ ಮುಚ್ಚಿಕೊಳ್ಳುತ್ತದೆ’ ಎಂಬ ಸಮಾಧಾನಕ್ಕೆ ಇಲ್ಲಿ ಎಡೆಯಿಲ್ಲ.

ಕಾಗದ ಒಣದಾಗಿ ಉಳಿದರೆ ಎಂಜಿನ್ನನ್ನು ಚಾಲೂ ಮಾಡಬಹುದು. ರೈಲಿನಲ್ಲಿದ್ದ ಗಾಳಿಯಿಂದ ಮೊದಲು ತುಸು ತೊದಲಿ ಅನಂತರ ಅದು ಸಮವಾಗುತ್ತದೆ. ಐದು ನಿಮಿಷ ತಿರುಗಿದ ಮೇಲೆ ಒಮ್ಮೆ, ನಿಲ್ಲಿಸಿ ಕಾಲು ಗಂಟೆಯ ಬಳಿಕ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ಇದೇ ಕಾಗದದ ಪರೀಕ್ಷೆಯನ್ನು ಮಾಡಬೇಕು. ಆ ಮೂರೂ ಪರೀಕ್ಷೆಗಳಲ್ಲಿ ತೇರ್ಗಡೆಯಾದ ಮೇಲೆಯೇ ಮನೆಮಂದಿಯನ್ನು ಕೂರಿಸಿಕೊಂಡು ಹೊರಡಬಹುದು.

ಉಳಿದ ಕರ್ತವ್ಯಗಳು

ಅಳತೆಕಡ್ಡಿಯಲ್ಲಿ ಪೆಟ್ರೋಲಿನ ವಾಸನೆ ಇದ್ದರೆ ಎಂಜಿನ್ ಎಣ್ಣೆಯನ್ನೂ ಅದರ ಫಿಲ್ಟರನ್ನೂ ಬದಲಿಸಬೇಕು. ಪೆಟ್ರೋಲು ಬೆರೆತ ಎಣ್ಣೆ ನೀರಾಗಿ, ಲೋಹ ಲೋಹಗಳ ನಡುವೆ ನಿಲ್ಲಬೇಕಾದ ಪೊರೆ ಹರಿಯುತ್ತದೆ. ಬೇರಿಂಗುಗಳು ಸವೆದರೆ ಆಗುವ ಖರ್ಚಿನ ಮುಂದೆ ಇಂಜೆಕ್ಟರಿನ ಬೆಲೆ ಏನೂ ಅಲ್ಲ. ಬಹುದಿನ ಒಳಸೋರಿಕೆಯೊಡನೆ ಓಡಿದ ಕಾರಿನಲ್ಲಿ ಹೊಗೆಕೊಳವೆಯ ಶುದ್ಧಕಾರಕವೂ ಕೆಟ್ಟಿರಬಹುದು. ಉರಿಯದೆ ಉಳಿದ ಪೆಟ್ರೋಲು ಅಲ್ಲಿ ಉರಿದು ಅದರ ಒಳಗಿನ ಜೇನುಗೂಡಿನಂಥ ರಚನೆಯನ್ನು ಕರಗಿಸುವುದುಂಟು.

ಪಾತ್ರೆ ಹಿಡಿದ ಪೆಟ್ರೋಲನ್ನು ಚರಂಡಿಗೆ ಸುರಿಯಬಾರದು. ಮೋರಿಯೊಳಗೆ ಆವಿ ಹರಿದು ದೂರದ ಯಾರದೋ ಮನೆಯ ಬಳಿ ಕಿಡಿಯನ್ನು ಸಂಧಿಸಬಹುದು. ಒದ್ದೆಯಾದ ಬಟ್ಟೆಗಳನ್ನು ಮುದ್ದೆಮಾಡಿ ಮನೆಯೊಳಗೆ ಎಸೆಯದೆ ಬಯಲಿನಲ್ಲಿ ಹರಡಿ ಪೂರ್ತಿ ಆರಲು ಬಿಡಬೇಕು. ಪೆಟ್ರೋಲಿನ ಫಿಲ್ಟರು ಬಹುಕಾಲದಿಂದ ಬದಲಾಗದೆ ಇದ್ದರೆ ಅದನ್ನೂ ಬದಲಿಸುವುದು ಯುಕ್ತ. ಹಳೆಯ ಇಂಜೆಕ್ಟರಿನ ಸೂಜಿಗೆ ಸಿಕ್ಕಿಕೊಂಡ ಕಸ ಹೊಸದಕ್ಕೂ ಸಿಕ್ಕದಿರಲಿ.

ಇಂಥ ಕೆಲಸವನ್ನು ಸ್ವತಃ ಮಾಡುವುದರಿಂದ ಹಣ ಉಳಿಯುವುದು ನಿಜ. ಆದರೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ತನ್ನ ಕಾರಿನಲ್ಲಿ ಪೆಟ್ರೋಲು ಎಲ್ಲಿಂದ ಎಲ್ಲಿಗೆ, ಎಷ್ಟು ಒತ್ತಡದಿಂದ, ಯಾವ ಬಾಗಿಲುಗಳನ್ನು ದಾಟಿ ಹೋಗುವುದೆಂದು ತಿಳಿದವನು ಬಾನೆಟ್ಟಿನ ಕೆಳಗಿನ ವಾಸನೆಯನ್ನು ಹಳೆತನದ ಲಕ್ಷಣವೆಂದು ತಳ್ಳಿಹಾಕಲಾರ. ಓದಿ ತಿಳಿದ ಮೇಲೆ ‘ಇದು ನನ್ನ ಕೈಲಾಗದು’ ಎಂದು ತೋರಿದರೆ ಅದೂ ಒಂದು ಸರಿಯಾದ ತೀರ್ಮಾನವೇ. ಅಂಥವರು ಮೆಕ್ಯಾನಿಕನನ್ನು ಮನೆಗೆ ಕರೆಸಲಿ. ಅವನು ಋಣ ತಂತಿಯನ್ನು ಮೊದಲು ಬಿಚ್ಚುವನೋ, ಬಳೆಗಳನ್ನೆಲ್ಲ ಬದಲಿಸುವನೋ, ಕಾಗದ ಹಿಡಿದು ಪರೀಕ್ಷಿಸುವನೋ ಎಂಬುದನ್ನು ಪಕ್ಕದಲ್ಲಿ ನಿಂತು ನೋಡಲಿ. ಸೋರುವ ಕಾರನ್ನು ಮಾತ್ರ ಇನ್ನೊಂದು ದಿನ ಓಡಿಸದಿರಲಿ ಎಂಬುದೇ ವಾಚಕರಲ್ಲಿ ನಮ್ಮ ಬಿನ್ನಹ.